ಸಂಜೆಯಾಗದ ಊರಿನಲ್ಲಿ ಕೆಂಪು ಎಣ್ಣೆ

ನಾರ್ವೆಗೆ ಹೋಗಿ ಬಂದವಳು ಎಂದು ಮೈಸೂರಿನ ಗೋಕುಲಂನ ನಮ್ಮ ರಸ್ತೆಯಲ್ಲಿ ನನಗೀಗ ಒಂದು ಹೆಸರಿದೆ. ಸೊಪ್ಪು ಮಾರುವವಳು ಕೂಡ, "ಅಲ್ಲಿ ದಂಟು ಸಿಕ್ತದಾ ಅಕ್ಕಾವ್ರೆ?" ಎಂದು ವಿಚಾರಿಸುತ್ತಾಳೆ. ಮಹಿಳಾ ಸಮಾಜದವರು ತಮ್ಮ ವಾರ್ಷಿಕ ಸಂಚಿಕೆಗೆ ಅನುಭವ ಬರೆದುಕೊಡಿ ಎಂದು ದುಂಬಾಲು ಬಿದ್ದರು. ಹಿಮ, ಬೆಟ್ಟ, ಸಮುದ್ರ ಎಂದು ಎರಡು ಪುಟ ಬರೆದರೆ ಅವರಿಗೆ ಸಾಕಿತ್ತು. ಬರೆದೆ ಕೂಡ. ಓದಿ ನೋಡಿದರೆ ಅದರಲ್ಲಿ ನನ್ನ ತಂಗಿ ಶೈಲಜೆಯ ಹೆಸರೇ ಇರಲಿಲ್ಲ. ನಾನು ಹೋದದ್ದು ಅವಳ ಹಿಂದೆ, ಅವಳಿಂದಾಗಿ, ಅವಳ ಮಗುವನ್ನು ಎತ್ತಿಕೊಂಡು. ಅವಳನ್ನು ಬಿಟ್ಟು ಬರೆದದ್ದೂ ಹೊಟ್ಟೆಕಿಚ್ಚೇ ಎಂದು ಅರ್ಥವಾಗಿ, ಅದನ್ನು ಹರಿದುಹಾಕಿ ಮತ್ತೆ ಬರೆಯಲು ಕೂತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕದಲ್ಲಿ ಡುಮ್ಕಿ ಹೊಡೆದವಳು. ಯಾರೂ ನನ್ನ ಓದು ಬಿಡಿಸಲಿಲ್ಲ. ಮದುವೆ ಗೊತ್ತಾದಾಗ, ಇನ್ನು ಲೆಕ್ಕದ ಪುಸ್ತಕ ಮುಟ್ಟುವ ಹಾಗಿಲ್ಲ ಎಂದು ಒಳಗೊಳಗೇ ಕುಣಿದಿದ್ದೆ. ಶೈಲಾ ನನಗಿಂತ ತುಂಬ ಚಿಕ್ಕವಳು. ನಾನು ಇಲವಾಲದ ಅತ್ತೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಕಾಲಕ್ಕೆ ಅವಳು ಎಂಎಸ್ಸಿ ಮುಗಿಸಿ, ಆಹಾರ ಸಂಶೋಧನೆ ನಡೆಸುವ ಕಡೆ ಕೆಲಸಕ್ಕೆ ಸೇರಿ, ಡಾಕ್ಟರೇಟನ್ನೂ ಪಡೆದಳು.

ಅವಳ ಕೆಲಸ ಏನೆಂದು ನೆಂಟರ ಮುಂದೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಾವು ಲಿಂಗ ಕಟ್ಟುವ ಜನ. ಮೊಟ್ಟೆಯ ವಾಸನೆ ಬಂದ ಮನೆಯಲ್ಲಿ ನೀರು ಕುಡಿಯಲು ಹಿಂದೆ ಮುಂದೆ ನೋಡುವವರು. ಅವಳೋ ದಿನವಿಡೀ ಸಿಗಡಿಯ ತಲೆ, ಸಿಪ್ಪೆಗಳಲ್ಲಿ ಕೈಯಾಡಿಸುತ್ತಿದ್ದಳು. ಸಿಗಡಿಯ ಮಾಂಸ ತೆಗೆದ ಮೇಲೆ ಬಿಸಾಡುವ ಆ ಕಸದಲ್ಲಿ ಒಂದು ಕೆಂಪು ಬಣ್ಣವಿರುತ್ತದೆ. ಕಸವನ್ನು ಅರೆದು, ಅಡುಗೆ ಎಣ್ಣೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಬಣ್ಣ ಎಣ್ಣೆಗೆ ಇಳಿಯುತ್ತದೆ. ಒಗ್ಗರಣೆಗೆ ಹಾಕಿದ ಖಾರದ ಪುಡಿ ಎಣ್ಣೆಗೆ ಬಣ್ಣ ಬಿಡುವ ಹಾಗೆಯೇ. ಮನೆಯಲ್ಲಿ ಅಪ್ಪ ಎಲ್ಲರಿಗೂ, "ಬಣ್ಣದ ಮೇಲೆ ರಿಸರ್ಚು" ಎಂದಷ್ಟೇ ಹೇಳುತ್ತಿದ್ದರು. ಜಯಲಕ್ಷ್ಮಿಪುರಂನ ನಮ್ಮ ಸೋದರತ್ತೆ ಅದನ್ನು ನಂಬಿ, ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಶೈಲಾಳನ್ನು ಕರೆಸಿ, "ಹಾಲಿಗೆ ಯಾವ ಬಣ್ಣ ಹೊಡ್ಸಿದ್ರೆ ಎದ್ದು ಕಾಣ್ತದೆ ಹೇಳಮ್ಮ" ಎಂದು ಕೇಳಿದ್ದರು. ಅವಳು ಗಂಭೀರವಾಗಿ ತಿಳಿಹಳದಿ ಎಂದು ಹೇಳಿ ಬಂದಿದ್ದಳು.

ನಾರ್ವೆಯ ಉತ್ತರದ ತುದಿಯಲ್ಲಿ ಸಿಗಡಿ ಸುಲಿಯುವ ಒಂದು ಕಾರ್ಖಾನೆಯವರು ಅವಳ ವಿಧಾನದ ಬಗ್ಗೆ ಕೇಳಿ ತಿಳಿದು, ಬಂದು ಮಾಡಿ ತೋರಿಸಿ ಎಂದು ಕರೆದರು. ಅವಳ ಮಗು ಚಿನ್ನಿಗೆ ಆಗಿನ್ನೂ ಹಲ್ಲು ಬಂದಿರಲಿಲ್ಲ. ಗಂಡನಿಗೆ ಕಾಲೇಜಿನಲ್ಲಿ ರಜೆ ಸಿಗಲಿಲ್ಲ. "ಅಕ್ಕ, ನೀನು ಬರ್ತೀಯಾ?" ಎಂದಳು. ಎರಡನೇ ಸಲ ಕೇಳುವ ಮೊದಲೇ ಹೂಂ ಎಂದೆ.

ಬೆಳ್ಳಿ ಕರಡಿಗೆ ಕೂಗಿದ್ದು

ಒಂದು ಮಾತು ಹೇಳಬೇಕು. ಫಾರಿನರ್ಸ್ ಅಂದರೆ ನನಗೆ ಹೊಸಬರಲ್ಲ. ನಮ್ಮ ಮಹಡಿಯ ಕೋಣೆಯನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತ ಬಂದಿದ್ದೇನೆ. ಅವರಿಗೆ ಅಕ್ಕಿರೊಟ್ಟಿ ಹಾಕಿದ್ದೇನೆ, ಬೇಧಿಯಾದಾಗ ಮೆಂತ್ಯ ಮಜ್ಜಿಗೆ ಕುಡಿಸಿದ್ದೇನೆ, ಆಟೋದವರ ಜೊತೆ ಅವರ ಪರವಾಗಿ ಜಗಳವಾಡಿದ್ದೇನೆ. ಕೆಲಸ ನಡೆಯುವಷ್ಟು ಇಂಗ್ಲಿಷ್ ಹಾಗೇ ಬಂದಿದೆ. ಓದು ಶೈಲಾಳದಾದರೂ ಹೊರದೇಶದವರು ನನ್ನ ಪಾಲಿನವರು ಎಂದು ಒಂದು ಜಂಬವಿತ್ತು. ಅದು ಹೊರದೇಶದ ಮೊದಲ ವಿಮಾನ ನಿಲ್ದಾಣದಲ್ಲೇ ಇಳಿಯಿತು.

ಜರ್ಮನಿಯಲ್ಲಿ ವಿಮಾನ ಬದಲಿಸುವಾಗ ತಪಾಸಣೆಯ ಬಾಗಿಲು ನನ್ನನ್ನು ಕಂಡು ಕಿರುಚಿಕೊಂಡಿತು. ಬಳೆ ತೆಗೆಸಿದರು, ಮತ್ತೆ ಕಿರುಚಿತು. ಕಾಲುಂಗುರ ನೋಡಿದರು. ಕೊನೆಗೆ ಸಮವಸ್ತ್ರದ ಹೆಂಗಸೊಬ್ಬಳು ನನ್ನ ಎದೆಯ ಕಡೆ ಬೆರಳು ತೋರಿಸಿದಳು. ಸೆರಗಿನ ಒಳಗೆ ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಲಿಂಗ. ತೆಗೆದು ಪ್ಲಾಸ್ಟಿಕ್ ತಟ್ಟೆಯಲ್ಲಿಡು ಎಂದಳು. ಚಪ್ಪಲಿ, ಬೆಲ್ಟುಗಳು ಸಾಲಾಗಿ ಕೂತಿದ್ದ ತಟ್ಟೆ!

"ನೋ" ಎಂದೆ.

ಅವಳೂ ಏನೋ ಎಂದಳು. ನಾನು ಮತ್ತೆ "ನೋ" ಎಂದೆ. ಗೋಕುಲಂನಲ್ಲಿ ಕಲಿತ ಇಂಗ್ಲಿಷೆಲ್ಲ ಅಷ್ಟರಲ್ಲೇ ಮುಗಿಯಿತು. ಹಿಂದಿನ ಸಾಲು ಬೆಳೆಯುತ್ತಿತ್ತು. ಶೈಲಾ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದು, ದನಿ ಏರಿಸದೆ ನಾಲ್ಕು ಮಾತಾಡಿದಳು. ಆ ಹೆಂಗಸು ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದು, ಕರಡಿಗೆಯನ್ನು ಕೈಯಿಂದ ಮುಟ್ಟದೆ ಯಂತ್ರವನ್ನಷ್ಟೇ ಅದರ ಮೇಲಾಡಿಸಿ, "ಥ್ಯಾಂಕ್ಯೂ" ಎಂದು ಬಿಟ್ಟಳು.

ಹೊರಗೆ ಬಂದ ಮೇಲೆ ಥಟ್ಟನೆ ಹೊಳೆಯಿತು. "ನಿನ್ನದೆಲ್ಲಿ?" ಎಂದೆ.

"ಬ್ಯಾಗಲ್ಲಿ ಕಣೇ. ಎಕ್ಸ್‌ರೇ ಮಿಷಿನ್ನಲ್ಲಿ ಹೋಗಿ ಆ ಕಡೆ ಬಂತು."

"ಮಿಷಿನ್ನಲ್ಲಾ?"

"ಶಿವ ಎಲ್ಲಾ ಕಡೆ ಇರ್ತಾನೆ ಅಂತ ನೀನೇ ಹೇಳ್ತಿದ್ದೆಯಲ್ಲ. ಬಾ, ಚಿನ್ನಿ ಒದ್ದೆ ಮಾಡ್ಕೊಂಡವ್ಳೆ."

ಅವಳಿಗೆ ಎಲ್ಲವೂ ಹಗುರ. ಅದನ್ನು ಕಂಡರೇ ನನಗಾಗುತ್ತಿರಲಿಲ್ಲ.

ಇಂಗ್ರಿಡ್‌ಳ ಮನೆ

ನಾವು ಇಳಿದುಕೊಂಡ ಮನೆ ಮರದ್ದು, ಹಳದಿ ಬಣ್ಣದ್ದು, ಸಮುದ್ರದ ಅಂಚಿಗೇ ಕಟ್ಟಿದ್ದು. ಮೇಲಿನ ಅಂತಸ್ತು ನಮಗೆ, ಕೆಳಗೆ ಮನೆಯೊಡತಿ ಇಂಗ್ರಿಡ್. ವಯಸ್ಸಾದವಳು, ಒಬ್ಬಂಟಿ, ಗೋಡೆಗೆ ಏಣಿ ಹಾಕಿ ತಾನೇ ಬಣ್ಣ ಬಳಿಯುವಂಥವಳು. ನಮ್ಮಂತೆಯೇ ಅಲ್ಲಿನವರು ಚಪ್ಪಲಿಯನ್ನು ಬಾಗಿಲಲ್ಲೇ ಬಿಡುತ್ತಾರೆ. ಅದೊಂದೇ ಹೋಲಿಕೆ. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಮಾತಾಡಿಸಿದರೆ ಜೇಬಿಗೆ ಕೈ ಹಾಕಿದಷ್ಟು ಗಾಬರಿಯಾಗುತ್ತಾರೆ. ಬೆಲ್ಲದ ಬಣ್ಣದ ಒಂದು ಚೀಸನ್ನು ತೆಳ್ಳಗೆ ಹೆರೆದು ಬ್ರೆಡ್ಡಿನ ಮೇಲಿಟ್ಟು, ಅದನ್ನೇ ಊಟ ಎನ್ನುತ್ತಾರೆ. ರುಚಿಯೂ ಸುಮಾರಿಗೆ ಬೆಲ್ಲದ್ದೇ. ನಾನು ಅದಕ್ಕೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಇಂಗ್ರಿಡ್ ಒಂದು ಚೂರು ಕೇಳಿ ತಿಂದು, ಆಮೇಲೆ ದಿನಾ ಕೇಳತೊಡಗಿದಳು.

ಮೊದಲ ವಾರದಲ್ಲೇ ಒಂದು ರಂಪವಾಯಿತು. ನಾನು ಸ್ನಾನ ಮುಗಿಸಿ ಬಂದರೆ ಚಿನ್ನಿ ತೊಟ್ಟಿಲಲ್ಲಿಲ್ಲ. ಹೊರಗೆ ಚಳಿಗಾಳಿ ಬೀಸುತ್ತಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಅಂಗಳದ ನಡುವೆ ತಳ್ಳುಗಾಡಿ, ಅದರೊಳಗೆ ಮಗು! ಒದ್ದೆ ತಲೆಯಲ್ಲೇ ಓಡಿದೆ. ಇಂಗ್ರಿಡ್ ಬಾಗಿಲಲ್ಲಿ ಕಾಫಿ ಕುಡಿಯುತ್ತ ನಿಂತಿದ್ದಳು. ಹೊರಗಿನ ಗಾಳಿಯಲ್ಲಿ ಮಕ್ಕಳು ಚೆನ್ನಾಗಿ ನಿದ್ದೆ ಮಾಡುತ್ತವೆ, ನಾನೂ ಹೀಗೇ ಮಲಗಿ ಬೆಳೆದೆ, ನನ್ನ ಮಕ್ಕಳೂ ಹೀಗೇ ಮಲಗಿದ್ದರು ಎಂದಳು. ನಾನು ಶೈಲಾಳಿಗೆ ಫೋನು ಮಾಡಿ ಅತ್ತೆ.

"ಮಗೂನ ಬೀದೀಲಿ ಹಾಕವ್ಳೆ ಕಣೇ!"

"ನಾನೇ ಹೇಳಿದ್ದು ಅಕ್ಕ. ಇಲ್ಲಿ ಎಲ್ರೂ ಹಂಗೇ ಮಾಡ್ತಾರೆ. ಬುಡು, ಏನೂ ಆಗಲ್ಲ."

ಮಗುವಿಗೆ ಏನೂ ಆಗಲಿಲ್ಲ. ಹೊಡೆದು ಮಲಗಿಸಿದ ಹಾಗೆ ಎರಡು ಗಂಟೆ ನಿದ್ದೆ ಮಾಡಿತು. ನನ್ನ ತೊಡೆಯ ಮೇಲೆ ಅಷ್ಟು ಹೊತ್ತು ಒಮ್ಮೆಯೂ ಮಲಗಿದ್ದಿಲ್ಲ. ಆ ಚಳಿಗಾಳಿಯ ಮೇಲೂ ನನಗೆ ಹೊಟ್ಟೆ ಉರಿಯಿತು ಎಂದರೆ ನನ್ನ ಆಗಿನ ಮನಸ್ಸು ನಿಮಗೆ ಅರ್ಥವಾಗಬಹುದು.

ಇನ್ನು ಸೂರ್ಯನ ವಿಷಯ. ನಾವು ಹೋದದ್ದು ಬೇಸಿಗೆಯ ನಡುವೆ. ಆ ತಿಂಗಳುಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಬೆಟ್ಟದ ನೆತ್ತಿಯ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ಗಾಣದ ಎತ್ತಿನ ಹಾಗೆ ಸುತ್ತು ಹೊಡೆಯುತ್ತಲೇ ಇರುತ್ತಾನೆ. ಪುಸ್ತಕದಲ್ಲಿ ಓದಿದವರಿಗೆ ಅದು ಚಂದ. ಬದುಕುವವರಿಗೆ ತಲೆಚಿಟ್ಟು. ನಮ್ಮ ಮನೆಯಲ್ಲಿ ಹೊತ್ತು ಇಳಿಯುವುದನ್ನು ನೋಡಿ ಒಣಹಾಕಿದ್ದನ್ನು ಒಳಗೆ ತರುತ್ತೇವೆ, ಬಾಗಿಲು ಸಾರಿಸುತ್ತೇವೆ, ದೀಪ ಹಚ್ಚುತ್ತೇವೆ. ಅಲ್ಲಿ ಹೊತ್ತೇ ಇಳಿಯದು. ಗಡಿಯಾರ ನೋಡಿ ದೀಪ ಹಚ್ಚಿದರೆ ಅದರ ಬೆಳಕು ಕಣ್ಣಿಗೇ ಕಾಣುತ್ತಿರಲಿಲ್ಲ.

ಸಿಗಡಿ ಕಾರ್ಖಾನೆ

ಕಾರ್ಖಾನೆಗೆ ಒಂದು ದಿನ ಶೈಲಾ ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋದಳು. ನಾನು ಮೂಗಿಗೆ ಸೆರಗು ಹಿಡಿದೇ ಒಳಗೆ ಕಾಲಿಟ್ಟೆ. ದೋಣಿಯಿಂದ ಇಳಿಸಿದ ಸಿಗಡಿ ಒಂದು ಕಡೆಯಿಂದ ಹೋಗಿ, ಬೆಂದು, ಯಂತ್ರದ ಉರುಳೆಗಳ ನಡುವೆ ಸುಲಿದುಕೊಂಡು ಇನ್ನೊಂದು ಕಡೆ ಬೀಳುತ್ತದೆ. ಬೆಳ್ಳಗಿನ ಮಾಂಸ ಒಂದು ಪಟ್ಟಿಯ ಮೇಲೆ, ಕೆಂಪು ಸಿಪ್ಪೆ ಇನ್ನೊಂದರ ಮೇಲೆ. ಸಿಪ್ಪೆಯ ರಾಶಿ ನಮ್ಮ ಮಾರುಕಟ್ಟೆಯ ಕುಂಕುಮದ ಗುಡ್ಡೆಗಿಂತ ದೊಡ್ಡದು. ಅಷ್ಟನ್ನೂ ಬಿಸಾಡುತ್ತಾರಂತೆ. ಮೂಗು ಮುಚ್ಚಿಕೊಂಡಿದ್ದರೂ ನನ್ನ ಕಣ್ಣು ಅಯ್ಯೋ ಎಂದಿತು.

ಶೈಲಾಳ ಮೂಲೆಯಲ್ಲಿ ಒಂದು ಉಗಿಯ ಪಾತ್ರೆ, ಸೋಸುವ ಸಾಧನ, ಎಣ್ಣೆಯ ಡಬ್ಬ. ಸಿಪ್ಪೆ ಅರೆದು ಸೂರ್ಯಕಾಂತಿ ಎಣ್ಣೆಯಲ್ಲಿ ಕಾಯಿಸಿ ಸೋಸಿದಾಗ ಬಂದ ಎಣ್ಣೆಯನ್ನು ಅವಳು ಗಾಜಿನ ಲೋಟದಲ್ಲಿ ಎತ್ತಿ ಹಿಡಿದಳು. ನಾನು ಜೀವನದಲ್ಲಿ ಎಷ್ಟೋ ಒಗ್ಗರಣೆ ಹಾಕಿದ್ದೇನೆ, ಅಂಥ ಕೆಂಪನ್ನು ಕಂಡಿರಲಿಲ್ಲ.

"ಇದು ಯಾರಿಗೆ?" ಎಂದೆ.

"ಮೀನಿಗೆ. ಇಲ್ಲಿ ಕೊಟ್ಟಿಗೇಲಿ ದನ ಸಾಕ್ದಂಗೆ ಸಮುದ್ರದಲ್ಲಿ ಬಲೆ ಕಟ್ಟಿ ಸಾಲ್ಮನ್ ಸಾಕ್ತಾರೆ. ಸುಮ್ನೆ ಮೇವು ಹಾಕಿದ್ರೆ ಅದರ ಮಾಂಸ ಬಿಳಚಿಕೊಳ್ತದೆ, ಯಾರೂ ಕೊಳ್ಳಲ್ಲ. ಈ ಬಣ್ಣ ತಿನ್ಸಿದ್ರೆ ಗುಲಾಬಿ ಆಗ್ತದೆ."

"ಟೊಮೇಟೊ ನೋಡಿ ಆರಿಸ್ದಂಗೆ."

"ಹಂಗೇ. ಆದ್ರೆ ಬಣ್ಣ ಉಳೀಬೇಕು ಅಕ್ಕ. ಕೆಲವು ದಿನ ಇಟ್ರೂ ಇಷ್ಟೇ ಕೆಂಪಗಿದ್ರೆ ಮೇವಿನ ಕಂಪೆನಿಯವರು ಒಪ್ತಾರೆ. ಇಲ್ದಿದ್ರೆ ಈ ರಾಶಿ ಮತ್ತೆ ತಿಪ್ಪೆಗೆ, ನಾನು ಮೈಸೂರಿಗೆ."

ಅಷ್ಟರಲ್ಲಿ ಕಾರ್ಖಾನೆಯ ಮ್ಯಾನೇಜರ್ ಯೋಹಾನ್ ಬಂದ. ಎತ್ತರದ, ನಗುಮುಖದ ಮನುಷ್ಯ. ನನ್ನ ಕಡೆ ತಿರುಗಿ, "ನೀವೂ ವಿಜ್ಞಾನಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅದಕ್ಕೆ ಒಂದು ಉತ್ತರವನ್ನು ಬಾಯಲ್ಲಿ ಜೋಡಿಸುತ್ತಿದ್ದೆ. ಇಲ್ಲ, ನಾನು ಮೈಸೂರಿನಲ್ಲಿ ನಿಮ್ಮಂಥವರಿಗೆ ಮನೆ ಬಾಡಿಗೆಗೆ ಕೊಡುತ್ತೇನೆ, ಅಡುಗೆ ಮಾಡಿಹಾಕುತ್ತೇನೆ, ಯೋಗ ಬೇಕಾದರೆ ಬನ್ನಿ ಎಂದು. ಶೈಲಾ ನನಗಿಂತ ಮೊದಲೇ, "ಅಯ್ಯೋ ಇಲ್ಲ, ಇವರು ನನ್ನ ಅಕ್ಕ. ಮಗು ನೋಡಿಕೊಳ್ಳೋಕೆ ಕರ್ಕೊಂಡು ಬಂದಿದ್ದೀನಿ" ಎಂದುಬಿಟ್ಟಳು.

ಯೋಹಾನ್ ಮಗುವಿನ ಕೆನ್ನೆ ಮುಟ್ಟಿ ಮುಂದೆ ಹೋದ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಹೋದದ್ದು ಅದಕ್ಕೇ. ಆದರೂ ಮನೆ ತಲುಪುವವರೆಗೆ ನಾನು ಅವಳೊಡನೆ ಮಾತಾಡಲಿಲ್ಲ. ಮಾತಾಡುತ್ತಿಲ್ಲ ಎಂಬುದನ್ನು ಅವಳು ಗಮನಿಸಲೂ ಇಲ್ಲ.

ಹಾಲಿನ ಪಕ್ಕದ ಬಾಟಲಿ

ಮಾರನೆಯ ವಾರ ಅವಳು ಒಂದು ಬಾಟಲಿಯನ್ನು ಎದೆಗೊತ್ತಿಕೊಂಡು ಮನೆಗೆ ತಂದಳು. ಕಪ್ಪು ಕಾಗದ ಸುತ್ತಿ, ಅದರ ಮೇಲೆ ಅಂಟುಪಟ್ಟಿ ಬಿಗಿದಿದ್ದಳು. ಬೆಳಕು ತಾಗಿದರೆ ಬಣ್ಣ ಸಾಯುತ್ತದಂತೆ. ಕಾರ್ಖಾನೆಯ ಫ್ರಿಜ್ಜನ್ನು ಹತ್ತಾರು ಜನ ತೆಗೆದು ಹಾಕುತ್ತಾರೆ ಎಂದು ಇಲ್ಲಿಗೆ ತಂದಿದ್ದಳು.

"ಮನೇಲಾದ್ರೆ ನೀನಿರ್ತೀಯ ಅಕ್ಕ, ಭದ್ರ. ಮೇವಿನ ಕಂಪೆನಿಯವರು ಬಂದ ದಿನ ಅವರ ಮುಂದೇನೇ ಬಿಚ್ತೀನಿ."

ಅದನ್ನು ನನ್ನ ಹಾಲಿನ ಪಕ್ಕದಲ್ಲಿಟ್ಟಳು. ಲಿಂಗಪೂಜೆಗೆ ಎತ್ತಿಡುವ ಹಾಲು! "ಸಿಗಡಿ ಎಣ್ಣೆ ಅಲ್ವೇನೆ ಅದು? ಬೇರೆ ಕಡೆ ಇಡು" ಎಂದೆ. "ಬಾಟ್ಲಿ ಮುಚ್ಚಿದೆ ಕಣಕ್ಕ, ಹಾಲಿಗೇನು ಅಂಟ್ಕೊಳಲ್ಲ" ಎಂದು ಫ್ರಿಜ್ಜಿನ ಬಾಗಿಲು ಹಾಕಿದಳು. ಮುಂದೆ ನನಗೆ ಅನುಕೂಲಕ್ಕೆ ಬರಲಿ ಎಂದೇ ಆ ಜಗಳವನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ ಎಂದು ಈಗ ಅನ್ನಿಸುತ್ತದೆ.

ಅವಳು ದೋಣಿಯಲ್ಲಿ ಹೋದಾಗ

ಶೈಲಾ ಇನ್ನೊಂದು ದಡದ ಕಾರ್ಖಾನೆಯನ್ನು ನೋಡಲು ದೋಣಿಯಲ್ಲಿ ಹೋದಳು. ಎರಡು ದಿನದ ಕೆಲಸ. ಬೀಳ್ಕೊಡಲು ಬಂದರಿಗೆ ಹೋಗಿದ್ದೆ. ಹೊಸ ಕೋಟು, ಹೊಸ ಬೂಟು. ದೋಣಿಯ ಜನ ಅವಳನ್ನು ಡಾಕ್ಟರ್ ಎಂದು ಕರೆದು ಮುಂದಿನ ಜಾಗ ಬಿಟ್ಟುಕೊಟ್ಟರು. ಅವಳು ಕೈ ಬೀಸಿದ್ದು ಮಗುವಿಗೆ. ಮಗು ಅಳಲಿಲ್ಲ, ನನ್ನ ಕಿವಿಯೋಲೆ ಎಳೆಯುತ್ತಿತ್ತು. ನಾನು ಆ ಗಾಳಿಯಲ್ಲಿ ನಿಂತು, ಲೆಕ್ಕದಲ್ಲಿ ಪಾಸಾಗಿದ್ದರೆ ಆ ಕೋಟಿನೊಳಗೆ ನಾನಿರುತ್ತಿದ್ದೆನೇ ಎಂದು ಮೊದಲ ಬಾರಿಗೆ ಕೇಳಿಕೊಂಡೆ. ಇರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೋಪ ಬಂದದ್ದು.

ಮನೆಗೆ ಬಂದು ಹಾಲು ತೆಗೆಯಲು ಫ್ರಿಜ್ಜು ತೆರೆದೆ. ಬಾಟಲಿ ಹೊರಗೆ ತೆಗೆದೆ. ಹಾಲಿನ ಜೊತೆ ಮತ್ತೆ ಒಳಗಿಡಲಿಲ್ಲ. ಕಾಗದ ಬಿಚ್ಚಿದೆ. ಒಳಗಿನ ಕೆಂಪನ್ನು ಒಂದು ಸಲ ನೋಡಬೇಕು, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಅಡುಗೆಮನೆಯ ಕಿಟಕಿಯಲ್ಲಿ ಹಿಡಿದರೆ ಅದು ಕೆಂಡದ ಹಾಗೆ ಹೊಳೆಯಿತು. ಹಾಗೇ ಕಿಟಕಿಯ ಕಟ್ಟೆಯ ಮೇಲಿಟ್ಟು, ಮಗುವಿಗೆ ರಾಗಿಸರಿ ಕಾಯಿಸಲು ಹೋದೆ.

ನಮ್ಮ ಕಡೆ ಎಣ್ಣೆಯಲ್ಲಿ ಹಾಕಿದ್ದೆಲ್ಲ ಬಿಸಿಲು ಕಂಡೇ ಹದಕ್ಕೆ ಬರುವುದು. ಉಪ್ಪಿನಕಾಯಿ ಜಾಡಿಯನ್ನು ಮಹಡಿಯ ಮೇಲಿಟ್ಟು ಹೊತ್ತು ಇಳಿದಾಗ ಒಳಗಿಡುತ್ತೇವೆ. ಸಂಜೆ ಎತ್ತಿಟ್ಟರಾಯಿತು ಎಂದುಕೊಂಡೆ. ಸಂಜೆ ಆಗಲಿಲ್ಲ. ಗಡಿಯಾರ ನೋಡಿ ದೀಪ ಹಚ್ಚಿದೆ, ಆಗ ಬಾಟಲಿ ನನ್ನ ಎದುರಿಗೇ ಇತ್ತು. ಊಟ ಮಾಡಿದೆ, ಆಗಲೂ ಇತ್ತು. ಕೋಣೆಗೆ ಕಪ್ಪು ಪರದೆ ಎಳೆದು ಮಲಗಿದೆ. ಅಡುಗೆಮನೆಯ ಕಿಟಕಿಗೆ ಪರದೆ ಇರಲಿಲ್ಲ. ಮಾರನೆಯ ದಿನವೂ ಅದನ್ನು ಅಲ್ಲಿಂದ ಕದಲಿಸಲಿಲ್ಲ. ಹಾದುಹೋಗುವಾಗಲೆಲ್ಲ ಕೆಂಪು ಕಿತ್ತಳೆಯಾಗುವುದನ್ನು, ಕಿತ್ತಳೆ ಒಣಹುಲ್ಲಾಗುವುದನ್ನು ನೋಡಿದೆ.

ದೋಣಿ ಬರುವ ಹೊತ್ತಿಗೆ ಸರಿಯಾಗಿ ಬಾಟಲಿಗೆ ಕಪ್ಪು ಕಾಗದ ಸುತ್ತಿ, ಅಂಟುಪಟ್ಟಿ ಹಾಕಿ, ಹಾಲಿನ ಪಕ್ಕದಲ್ಲಿ ಇದ್ದ ಹಾಗೇ ಇಟ್ಟೆ.

ಫೋನು

ಮೇವಿನ ಕಂಪೆನಿಯವರು ಬರುವ ಹಿಂದಿನ ಸಂಜೆ ಶೈಲಾ ತಡೆಯಲಾರದೆ ಬಾಟಲಿ ಬಿಚ್ಚಿದಳು. "ಒಂದ್ಸಲ ನೋಡ್ಕೊಂಡು ಮತ್ತೆ ಸುತ್ತಿಡ್ತೀನಿ" ಎಂದು ನಗುತ್ತಲೇ ಬಿಚ್ಚಿದಳು. ಆಮೇಲೆ ಸುಮ್ಮನೆ ಕುರ್ಚಿಯಲ್ಲಿ ಕೂತಳು. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾನು ಮಗುವಿನ ಬಟ್ಟೆ ಮಡಚುತ್ತಿದ್ದೆ. ಮಡಚಿದ್ದನ್ನೇ ಮತ್ತೆ ಮಡಚಿದೆ.

"ಕತ್ತಲಲ್ಲಿ, ತಂಪಲ್ಲಿ ಇಟ್ರೂ ಹೋಗ್ಬುಡ್ತಲ್ಲ ಅಕ್ಕ" ಎಂದಳು. "ಮೈಸೂರಲ್ಲಿ ಇಷ್ಟು ವರ್ಷ ಮಾಡಿದ್ದು ತಪ್ಪು ಅಂತಾಯ್ತು. ಈ ಸಿಗಡಿಗೇ ಆಗ್ಬರಲ್ವೋ, ನನ್ನ ಎಣ್ಣೇನೇ ಸರಿಯಿಲ್ವೋ."

ನನಗೆ ಬೇಕಾಗಿದ್ದದ್ದು ಇದೇ ಆಗಿದ್ದರೆ, ಅದು ಸಿಕ್ಕಿತ್ತು. ಅವಳ ಮುಖದಲ್ಲಿ, ಲೆಕ್ಕದ ಫಲಿತಾಂಶದ ದಿನ ನಮ್ಮ ಮನೆಯ ಕನ್ನಡಿಯಲ್ಲಿ ಕಂಡ ಮುಖವೇ ಇತ್ತು. ಅವಳು ಉಣ್ಣಲಿಲ್ಲ. ನಾನು ಉಂಡೆ.

ಬೆಳಿಗ್ಗೆ ಅವಳು ಯೋಹಾನ್‌ಗೆ ಹೇಳಿಬಿಡುತ್ತೇನೆ ಎಂದು ಫೋನಿನ ಮುಂದೆ ಕೂತಳು. ನನ್ನ ವಿಧಾನ ನಿಲ್ಲುವುದಿಲ್ಲ, ಅವರನ್ನು ಕರೆಸಬೇಡಿ ಎಂದು. ಸಂಖ್ಯೆ ಒತ್ತತೊಡಗಿದಾಗ ನಾನು ಮಗುವನ್ನು ಎತ್ತಿಕೊಂಡು ಹೋಗಿ ಎದುರಿಗೆ ನಿಂತೆ. ಮಗು ಕೈಯಲ್ಲಿದ್ದರೆ ಹೊಡೆಯಲಾರಳು ಎಂಬ ಧೈರ್ಯವೂ ಇತ್ತೇನೋ.

"ಫೋನ್ ಇಡು ಶೈಲಾ. ಅದು ಬಿಸಿಲಲ್ಲಿತ್ತು."

"ಯಾವುದು?"

"ಬಾಟ್ಲಿ. ನೀನು ದೋಣೀಲಿ ಹೋಗಿದ್ದಾಗ. ಹಾಲು ತೆಗೆಯೋವಾಗ ಅಡ್ಡ ಬಂತು, ಕಿಟಕಿ ಹತ್ರ ಇಟ್ಟೆ. ಕಾಗದ ಸಡಿಲ ಆಗಿತ್ತು, ಬಿಚ್ಕೊಂಡ್ಬುಡ್ತು. ಸಂಜೆ ಎತ್ತಿಡೋಣ ಅಂದ್ಕೊಂಡೆ, ಈ ಹಾಳು ಊರಲ್ಲಿ ಸಂಜೇನೇ ಆಗ್ಲಿಲ್ಲ. ಮರ್ತೆ. ಆಮೇಲೆ ಹೆದರ್ಕೊಂಡು ಸುತ್ತಿಟ್ಟೆ."

ಬೈಗುಳಕ್ಕೆ ಕಾದು ನಿಂತೆ. ಅವಳು ಫೋನು ಕೆಳಗಿಟ್ಟು ಎದ್ದಳು. ಮುಖ ಬೆಳಗುತ್ತಿತ್ತು.

"ಎಷ್ಟು ಹೊತ್ತು ಇತ್ತು? ಪೂರಾ ಎರಡು ದಿನಾನಾ?"

"ಹೂಂ."

"ಮುಚ್ಚಳ ಬಿಗಿ ಇತ್ತಾ? ಯಾವ ಕಿಟಕಿ? ಗಾಜು ಮುಚ್ಚಿತ್ತಾ ತೆಗೆದಿತ್ತಾ?"

ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಅವಳು ಮಗುವಿನ ಸಮೇತ ನನ್ನನ್ನು ತಬ್ಬಿಕೊಂಡಳು. "ಅಯ್ಯೋ ಅಕ್ಕ, ಬದುಕಿಸ್ಬುಟ್ಟೆ ಕಣೇ! ಎಣ್ಣೆ ತಪ್ಪಿಲ್ಲ, ಬೆಳಕಿನ ತಪ್ಪು!" ಎಂದು ಕುಣಿದಳು. ನಾನು ಅರ್ಧ ಸತ್ಯ ಹೇಳಿದ್ದೆ. ಅದಕ್ಕೇ ಇಷ್ಟು ಮುದ್ದು. ನನ್ನ ಕೆಟ್ಟತನವೂ ಅವಳ ಕೈಗೆ ಹೋದರೆ ಉಪಯೋಗಕ್ಕೆ ಬರುತ್ತದಲ್ಲ ಎಂದು ಆ ತಬ್ಬುಗೆಯ ಒಳಗೇ ಮತ್ತೆ ಕಿಚ್ಚು ಹತ್ತಿತು.

ಮತ್ತೆ ಅದೇ ಕಿಟಕಿ

ಅವಳು ಕಂಪೆನಿಯವರನ್ನು ಕೆಲವು ದಿನ ತಡೆದು ಬರಲು ಒಪ್ಪಿಸಿದಳು. ಹೊಸದಾಗಿ ಎಣ್ಣೆ ತೆಗೆದು ಎರಡು ಬಾಟಲಿಗೆ ತುಂಬಿ, ಎರಡಕ್ಕೂ ಮೊದಲಿನಂತೆಯೇ ಕಾಗದ ಸುತ್ತಿ ತಂದಳು. ಒಂದು ಫ್ರಿಜ್ಜಿನಲ್ಲಿ, ಒಂದು ಕಿಟಕಿಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಯಾರೂ ಎರಡು ಮಾತಾಡುವ ಹಾಗಿರಲಿಲ್ಲ.

"ನೀನೇ ಇಡು ಅಕ್ಕ" ಎಂದಳು, ಪೆನ್ನು ಹಿಡಿದು ಕೂತು. "ಆವತ್ತು ಹೆಂಗೆ ಮಾಡಿದ್ಯೋ ಹಂಗ್‌ಹಂಗೇ ಮಾಡು. ಒಂಚೂರೂ ಬದಲಾಗ್ಬಾರ್ದು. ನಾನು ಬರ್ಕೊಳ್ತೀನಿ."

ಬಾಟಲಿ ತೆಗೆದು ಕಿಟಕಿಯ ಹತ್ತಿರ ಹೋದೆ. ಕಾಗದಕ್ಕೆ ಕೈ ಹಾಕಿದೆ. ಅದು ಸಡಿಲವಾಗಿರಲಿಲ್ಲ. ಮೊದಲೂ ಇರಲಿಲ್ಲ. ಅಂಟುಪಟ್ಟಿಯನ್ನು ಅವಳು ಮುಚ್ಚಳದಿಂದ ತಳದವರೆಗೆ, ಮಗುವಿನ ಸೊಂಟಕ್ಕೆ ಬಟ್ಟೆ ಬಿಗಿದ ಹಾಗೆ ಬಿಗಿದಿದ್ದಳು. ಉಗುರು ಹಾಕಿದೆ, ಏಳಲಿಲ್ಲ. ಆಕಸ್ಮಿಕವಾಗಿ ಬಿಚ್ಚಿಕೊಳ್ಳುವ ಕಾಗದ ಅದಲ್ಲ ಎಂದು ಅದನ್ನು ಸುತ್ತಿದವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಬೆನ್ನ ಹಿಂದೆ ಪೆನ್ನಿನ ಸದ್ದು ನಿಂತಿತು.

ಆಗಲೂ ಉಗುರಿನಲ್ಲಿ ಕೆರೆಯುತ್ತ ನಿಂತಿರಬಹುದಿತ್ತು, ಇವತ್ತು ನೀನು ಹೆಚ್ಚು ಬಿಗಿದಿದ್ದೀಯ ಎನ್ನಬಹುದಿತ್ತು. ಹೋಗಿ ಅವಳ ಮೇಜಿನ ಡ್ರಾಯರ್ ಎಳೆದೆ. ಕತ್ತರಿ ತೆಗೆದೆ. ತುದಿಯನ್ನು ಮುಚ್ಚಳದ ಸಂದಿಗೆ ತೂರಿಸಿ, ಅಂಟುಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದೆ. ಕಾಗದ ಹರಿಯದ ಹಾಗೆ, ಮತ್ತೆ ಸುತ್ತಲು ಬರುವ ಹಾಗೆ, ಸುರುಳಿ ಬಿಚ್ಚಿ ಪಕ್ಕದಲ್ಲಿ ಚಪ್ಪಟೆಯಾಗಿ ಹಾಸಿದೆ. ಆವತ್ತು ಮಾಡಿದ್ದು ಹಾಗೆಯೇ. ಬೆತ್ತಲೆ ಬಾಟಲಿಯನ್ನು ಬಿಸಿಲು ಹೆಚ್ಚು ಬೀಳುವ ಎಡಮೂಲೆಗೆ ತಳ್ಳಿದೆ. ಅದೂ ಆವತ್ತಿನ ಹಾಗೆಯೇ.

ತಿರುಗಿದೆ. ಶೈಲಾ ನನ್ನ ಕೈಯಲ್ಲಿದ್ದ ಕತ್ತರಿಯನ್ನು ನೋಡುತ್ತಿದ್ದಳು.

"ಹಿಂಗಾ?" ಎಂದಳು.

"ಹಿಂಗೇ."

"ಬೆಳಕು ತಾಗಿದ್ರೆ ಏನಾಗ್ತದೆ ಅಂತ ನಿಂಗೆ ಹೇಳಿದ್ದೆ."

"ಹೇಳಿದ್ದೆ."

ಚಿನ್ನಿ ಚಾಪೆಯ ಮೇಲೆ ಚಮಚ ಬಡಿಯುತ್ತಿತ್ತು. ಶೈಲಾ ಅದರ ಕಡೆ ಒಮ್ಮೆ ನೋಡಿದಳು. ಆಮೇಲೆ ಪೆನ್ನಿನ ಕ್ಯಾಪು ಹಾಕಿದಳು.

"ಕತ್ತರಿ ವಿಷಯ ನಾನು ಬರ್ಕೊಳಲ್ಲ" ಎಂದಳು. "ಅಲ್ಲೇ ಡ್ರಾಯರಲ್ಲಿ ಇಟ್ಬುಡು."

ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಕಾರ್ಖಾನೆಯಲ್ಲಿ ನೀನು ಆಡಿದ ಮಾತು ಎಂದು ಶುರುಮಾಡಿ ಹುಟ್ಟಿದಾಗಿನಿಂದ ಇರುವುದನ್ನೆಲ್ಲ ಸುರಿಯುತ್ತಿದ್ದೆ. ಅವಳು ಅವಕಾಶ ಕೊಡಲಿಲ್ಲ. ಆ ಎರಡು ದಿನ ಬೇಕಾದಷ್ಟು ಮಾತಾಡಿದಳು. ಉಪ್ಪು ಎಲ್ಲಿ, ಮಗುವಿಗೆ ಟೋಪಿ ಹಾಕು, ಇಂಗ್ರಿಡ್‌ಗೆ ಚಟ್ನಿಪುಡಿ ಕೊಡು. ನನ್ನ ಮುಖ ಮಾತ್ರ ನೋಡಲಿಲ್ಲ.

ಉದ್ದನೆಯ ಮೇಜು

ಕಂಪೆನಿಯವರು ಬಂದ ದಿನ ನಾನು ಮನೆಯಲ್ಲೇ ಇರುತ್ತೇನೆ ಎಂದೆ. "ಬೇಡ, ಬಾ" ಎಂದಳು. ಕಾರ್ಖಾನೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಸುತ್ತ ಯೋಹಾನ್ ಮತ್ತು ಕಂಪೆನಿಯ ನಾಲ್ಕೈದು ಜನ. ನಾನು ಮಗುವಿನೊಂದಿಗೆ ಗೋಡೆಯ ಪಕ್ಕ ಕೂರಲು ಹೋದರೆ ಶೈಲಾ ತನ್ನ ಪಕ್ಕದ ಕುರ್ಚಿ ಎಳೆದು ತೋರಿಸಿದಳು.

ಎರಡು ಬಾಟಲಿಗಳನ್ನು ಮೇಜಿನ ಮೇಲಿಟ್ಟಳು. ಕತ್ತಲಲ್ಲಿದ್ದದ್ದು ಕೆಂಡ, ಬೆಳಕಲ್ಲಿದ್ದದ್ದು ಹಳೆಯ ಗಂಜಿ. ಅವರು ಒಬ್ಬರಿಂದೊಬ್ಬರು ತೆಗೆದುಕೊಂಡು ನೋಡಿದರು. ಬಣ್ಣದ ಪಟ್ಟಿಗಳ ಒಂದು ಬೀಸಣಿಗೆಯನ್ನು ಬಿಡಿಸಿ ಕೆಂಪು ಬಾಟಲಿಯ ಪಕ್ಕ ಹಿಡಿದು ತಲೆಯಾಡಿಸಿದರು. ಬೆಳಕು ನುಗ್ಗದ ಡಬ್ಬದಲ್ಲಿ ತುಂಬಿದರೆ ಸಾಕು, ನಾವು ಕೊಳ್ಳುತ್ತೇವೆ ಎಂದು ಅವರಲ್ಲಿ ಹಿರಿಯನಾದವನು ಹೇಳಿದ. ಮೇಜಿನ ಕೆಳಗೆ ಶೈಲಾಳ ಪಾದ ನೆಲ ತಟ್ಟುವುದು ನಿಂತಿತು.

ಆಮೇಲೆ ಆ ಹಿರಿಯ, ಸಾಮಾನ್ಯವಾಗಿ ಎಲ್ಲರೂ ತಮ್ಮ ಎಣ್ಣೆಯನ್ನು ಚೆನ್ನಾಗಿ ಕಾಪಾಡಿ ತಂದು ತೋರಿಸುತ್ತಾರೆ, ಬೇಕೆಂದೇ ಕೆಡಿಸಿ ತಂದವರನ್ನು ಇದೇ ಮೊದಲು ನೋಡಿದ್ದು, ಇದು ಯಾರ ಆಲೋಚನೆ ಎಂದು ಕೇಳಿದ.

"ನನ್ನ ಅಕ್ಕನದು" ಎಂದಳು ಶೈಲಾ.

ಎಲ್ಲರೂ ನನ್ನ ಕಡೆ ತಿರುಗಿದರು. ಯೋಹಾನ್‌ನ ಹುಬ್ಬು ಮೇಲೇರಿತು. ಹಿರಿಯ ನನಗೆ ತಲೆಬಾಗಿ, ಇದು ನಿಮಗೆ ಹೊಳೆದದ್ದು ಹೇಗೆ ಎಂದು ಮೆಲ್ಲಗೆ, ಅರ್ಥವಾಗುವ ಹಾಗೆ ಬಿಡಿಸಿ ಕೇಳಿದ. ನಾನು ತಂಗಿಯ ಕಡೆ ನೋಡಿದೆ. ಕತ್ತರಿ ಕಂಡ ದಿನದಿಂದ ಮೊದಲ ಸಲ ಅವಳೂ ನನ್ನನ್ನು ನೇರ ನೋಡಿದಳು.

"ನೀನೇ ಹೇಳು ಅಕ್ಕ" ಎಂದಳು.

ಉಪ್ಪಿನಕಾಯಿ ಜಾಡಿಯ ಕಥೆ ಬಾಯಿ ತುದಿಯಲ್ಲೇ ಇತ್ತು. ಹೇಳಿದ್ದರೆ ಮೆಚ್ಚಿಕೊಳ್ಳುತ್ತಿದ್ದರು. ನನಗೆ ಬರುವ ಇಂಗ್ಲಿಷಿನಲ್ಲಿ, "ಇವಳು ನನ್ನ ತಂಗಿ. ಇವಳದು ಕೆಡಲಿ ಅಂತ ನನಗೆ ಆಸೆಯಾಗಿತ್ತು" ಎಂದೆ.

ಮೇಜಿನ ಸುತ್ತ ಎಲ್ಲರೂ ಘೊಳ್ಳೆಂದು ನಕ್ಕರು. ತಮಾಷೆ ಎಂದುಕೊಂಡರು. ಯೋಹಾನ್‌ಗೆ ಇಬ್ಬರು ಅಣ್ಣಂದಿರಂತೆ, ಅವನಂತೂ ಕಣ್ಣೊರೆಸಿಕೊಂಡು ನಕ್ಕ.

ಶೈಲಾ ನಗಲಿಲ್ಲ. ಕಾಫಿ ಬಂತು, ಕಪ್ಪಗೆ, ಕಹಿಯಾಗಿ, ಅಲ್ಲಿಯವರು ಕುಡಿಯುವ ಹಾಗೆ. ಅವಳು ಎದ್ದು ಹೋಗಿ ಎಲ್ಲಿಂದಲೋ ಸಕ್ಕರೆ ಹುಡುಕಿ ತಂದಳು. ನನ್ನ ಲೋಟಕ್ಕೆ ಹಾಕಿ, ಕಲಕಿ, ನನ್ನ ಮುಂದಕ್ಕೆ ಸರಿಸಿದಳು. ಮಗುವನ್ನು ನನ್ನ ತೊಡೆಯಿಂದ ತನ್ನ ತೊಡೆಗೆ ಎತ್ತಿಕೊಂಡಳು.

"ಕುಡಿ" ಎಂದಳು. "ಆರ್ಹೋಯ್ತದೆ."